ಪಿಟೀಲು ವಾದನದಲ್ಲಿ ಎಡಗೈಯ ನಮ್ಯತೆ

ಹೊರನಾಡ ಕನ್ನಡಿಗರ ಮನೆಗಳಲ್ಲಿ ಮಕ್ಕಳಿಗೆ ಭಾಷೆಯ ಜೊತೆಗೆ ಸಂಗೀತವನ್ನೂ ದಾಟಿಸಬೇಕೆಂಬ ಹಂಬಲ ಹಿಂದಿನಿಂದಲೂ ಇದೆ. ಮುಂಬಯಿ, ಪುಣೆ, ಚೆನ್ನೈ, ಹೈದರಾಬಾದು, ದೆಹಲಿ, ಊರು ಯಾವುದೇ ಇರಲಿ, ರಜೆಯ ದಿನ ಬೆಳಗ್ಗೆ ಪಿಟೀಲಿನ ಪೆಟ್ಟಿಗೆಯನ್ನು ಹೆಗಲಿಗೇರಿಸಿ ಪಾಠಕ್ಕೆ ಹೊರಟ ಮಕ್ಕಳನ್ನು ನಾವು ಕಾಣುತ್ತೇವೆ. ಸರಳೆ ವರಸೆ, ಜಂಟಿ ವರಸೆ, ಅಲಂಕಾರ, ಗೀತೆಗಳವರೆಗೆ ಉತ್ಸಾಹದಿಂದ ಸಾಗಿದ ಇವರಲ್ಲಿ ಹಲವರು ವರ್ಣದ ಹೊಸ್ತಿಲಿಗೆ ಬರುವಷ್ಟರಲ್ಲಿ ವಾದ್ಯವನ್ನು ಕೆಳಗಿಡುತ್ತಾರೆ. ಶಾಲೆಯ ಪರೀಕ್ಷೆ, ಪಾಠದ ಮನೆಯ ದೂರ, ಇತರ ಆಕರ್ಷಣೆಗಳು ಹೀಗೆ ಕಾರಣಗಳು ಅನೇಕ. ಆದರೆ ಮಕ್ಕಳು ಬಾಯಿಬಿಟ್ಟು ಹೇಳದ, ಹೇಳಿದರೂ ಹಿರಿಯರು ಕಿವಿಗೆ ಹಾಕಿಕೊಳ್ಳದ ಇನ್ನೊಂದು ಕಾರಣವಿದೆ. ಅದು ಎಡಗೈಯ ನೋವು.

ಆರಂಭದಲ್ಲಿ ನೋಯುವುದು ಸಹಜ, ಸಾಧನೆ ಮಾಡುತ್ತಾ ಹೋದರೆ ತಾನಾಗಿಯೇ ಸರಿಹೋಗುತ್ತದೆ ಎಂದು ನಾವು ಸಮಾಧಾನ ಹೇಳುವುದುಂಟು. ಈ ಮಾತಿನಲ್ಲಿ ಸತ್ಯವಿರುವುದು ಅರ್ಧ ಮಾತ್ರ. ಬೆರಳ ತುದಿಯ ಚರ್ಮ ತಂತಿಗೆ ಒಗ್ಗುವವರೆಗೆ ಉರಿಯುವುದು ಸಹಜ. ಕೆಲವು ವಾರಗಳಲ್ಲಿ ಅದು ಶಮನವಾಗುತ್ತದೆ. ಆದರೆ ಹೆಗಲು ಕಟ್ಟಿಕೊಳ್ಳುವುದು, ಮಣಿಕಟ್ಟು ಜಗ್ಗಿದಂತಾಗುವುದು, ಕಿರುಬೆರಳು ಜುಮುಗುಟ್ಟುವುದು ಸಹಜವಲ್ಲ. ಅದು ಸಾಧನೆಗೆ ತೆರಬೇಕಾದ ಕಂದಾಯವೂ ಅಲ್ಲ. ಎಲ್ಲಿಯೋ ಏನೋ ತಪ್ಪಿದೆ ಎಂದು ದೇಹ ಕೊಡುತ್ತಿರುವ ಸೂಚನೆ ಅದು.

ಎಡಗೈ ಬಾಗಿ ಬಳುಕುವಂತಾಗಲು ಏನು ಮಾಡಬೇಕೆಂಬ ಪ್ರಶ್ನೆಗೆ ಸಾಮಾನ್ಯವಾಗಿ ದೊರೆಯುವ ಉತ್ತರ ಕೈಯನ್ನು ಎಳೆದು ಬಗ್ಗಿಸುವ ವ್ಯಾಯಾಮ. ವ್ಯಾಯಾಮಕ್ಕೆ ಅದರದೇ ಸ್ಥಾನವಿದೆ. ಆದರೆ ಅದು ಮೊದಲ ಸ್ಥಾನವಲ್ಲ. ಎಡಗೈಯ ಬಿಗಿತ ಬಹುಮಟ್ಟಿಗೆ ಹುಟ್ಟುವುದು ಕುಳಿತ ಭಂಗಿಯಲ್ಲಿ, ವಾದ್ಯದ ಅಳತೆಯಲ್ಲಿ ಮತ್ತು ಬೆರಳಿನ ಹಿಡಿತದಲ್ಲಿ. ಈ ಮೂರನ್ನು ತಿದ್ದಿಕೊಳ್ಳದೆ ಕೈಯನ್ನು ಎಷ್ಟು ಎಳೆದರೂ ಫಲ ಅಲ್ಪ. ಈ ಕ್ರಮದಲ್ಲಿಯೇ ವಿಷಯವನ್ನು ವಿವರಿಸುವುದು ಇಲ್ಲಿ ನಮ್ಮ ಉದ್ದೇಶ.

ಎಡಗೈಯಿಂದ ವಾದ್ಯ ಕೇಳುವುದೇನು?

ನಿತ್ಯಜೀವನದ ಯಾವ ಕೆಲಸದಲ್ಲಿಯೂ ನಾವು ಎಡಗೈಯನ್ನು ಪಿಟೀಲಿನಲ್ಲಿ ಇರಿಸುವಂತೆ ಬಹಳ ಹೊತ್ತು ಇರಿಸುವುದಿಲ್ಲ. ಬರೆಯುವಾಗ, ಕಂಪ್ಯೂಟರಿನ ಮುಂದೆ ಕುಳಿತಾಗ, ವಾಹನ ಓಡಿಸುವಾಗ ಅಂಗೈ ಕೆಳಮುಖವಾಗಿರುತ್ತದೆ. ಪಿಟೀಲಿನಲ್ಲಾದರೋ ಮೊಣಕೈ ಮಡಚಿ, ಅಂಗೈ ನಮ್ಮತ್ತ ತಿರುಗಿ, ಬೆರಳುಗಳು ತಂತಿಯ ಮೇಲೆ ಕಮಾನಿನಂತೆ ಬಾಗಿ ನಿಲ್ಲಬೇಕು.

ಈ ತಿರುವು ಎಲ್ಲಿಂದ ಬರುತ್ತದೆಂಬುದನ್ನು ವಾದ್ಯವಿಲ್ಲದೆಯೇ ಪರೀಕ್ಷಿಸಬಹುದು. ಎಡ ಮೊಣಕೈಯನ್ನು ಪಕ್ಕೆಗೆ ತಾಗಿಸಿ ಲಂಬಕೋನದಲ್ಲಿ ಮಡಚಿ, ಹೆಬ್ಬೆರಳು ಮೇಲಕ್ಕಿರುವಂತೆ ಹಿಡಿಯಿರಿ. ಈಗ ಅಂಗೈ ಆಕಾಶ ನೋಡುವಂತೆ ನಿಧಾನವಾಗಿ ತಿರುಗಿಸಿ. ಮುಂಗೈಯಲ್ಲಿರುವ ರೇಡಿಯಸ್ ಮತ್ತು ಅಲ್ನಾ ಎಂಬ ಎರಡು ಎಲುಬುಗಳ ಪೈಕಿ ಮೊದಲನೆಯದು ಎರಡನೆಯದರ ಸುತ್ತ ಹೊರಳುವುದರಿಂದ ಈ ಚಲನೆ ಸಾಧ್ಯವಾಗುತ್ತದೆ. ಆರೋಗ್ಯವಂತರಲ್ಲಿ ಇದು ಸುಮಾರು 80ರಿಂದ 90 ಡಿಗ್ರಿಯವರೆಗೆ ಬಂದು ನಿಲ್ಲುತ್ತದೆ. ಇನ್ನೂ ತಿರುಗಿಸಲು ಯತ್ನಿಸಿದರೆ ಮೊಣಕೈ ಪಕ್ಕೆಯನ್ನು ಬಿಟ್ಟು ಎದೆಯ ಮುಂಭಾಗಕ್ಕೆ ಸರಿಯತೊಡಗುತ್ತದೆ. ಅಂದರೆ ಮುಂಗೈಯ ಶಕ್ತಿ ಮುಗಿದಲ್ಲಿ ಹೆಗಲ ಕೀಲು ನೆರವಿಗೆ ಬಂದಿತೆಂದು ಅರ್ಥ.

ಮಂದ್ರ ಷಡ್ಜದ ದಪ್ಪ ತಂತಿಗೆ ಬೆರಳು ತಲುಪಬೇಕಾದರೆ ಮೊಣಕೈ ವಾದ್ಯದ ಅಡಿಯಲ್ಲಿ ಬಲಕ್ಕೆ ಸರಿಯಬೇಕು. ಮಧ್ಯಸ್ಥಾಯಿಯ ಪಂಚಮದ ತೆಳು ತಂತಿಗೆ ಬಂದಾಗ ಎಡಕ್ಕೆ ಮರಳಬೇಕು. ತಾರಸ್ಥಾಯಿಗೆ ಏರುವಾಗ ಮೊಣಕೈ ಮತ್ತಷ್ಟು ಒಳಸರಿದು, ಅಂಗೈ ವಾದ್ಯದ ಒಡಲನ್ನು ಬಳಸಿ ಮೇಲೆ ಬರಬೇಕು. ಹೀಗೆ ಬೆರಳನ್ನು ಸ್ವರದ ಬಳಿಗೆ ಕೊಂಡೊಯ್ಯುವುದು ಹೆಗಲು ಮತ್ತು ಮೊಣಕೈ. ಬೆರಳಿನ ಕೆಲಸ ಸ್ವರವನ್ನು ನುಡಿಸುವುದಷ್ಟೇ. ಹೆಗಲು ಸ್ತಬ್ಧವಾಗಿ ನಿಂತರೆ ಇಡೀ ದಾರಿಯನ್ನು ಬೆರಳೇ ಚಾಚಿ ಕ್ರಮಿಸಬೇಕಾಗುತ್ತದೆ. ಬೆರಳು ಚಿಕ್ಕದು, ಸಾಲುವುದಿಲ್ಲ ಎಂಬ ದೂರಿನ ಹಿಂದೆ ಅನೇಕ ವೇಳೆ ಇರುವುದು ಅಲುಗದ ಮೊಣಕೈ.

ಕುಳಿತ ಭಂಗಿ

ಪಿಟೀಲು ನಮ್ಮ ಸಂಗೀತಕ್ಕೆ ಬಂದದ್ದು ಪಶ್ಚಿಮದಿಂದ. ಮುತ್ತುಸ್ವಾಮಿ ದೀಕ್ಷಿತರ ತಮ್ಮಂದಿರಾದ ಬಾಲುಸ್ವಾಮಿ ದೀಕ್ಷಿತರು (1786–1858) ಮದರಾಸಿನಲ್ಲಿ ಐರೋಪ್ಯ ವಾದನವನ್ನು ಅಭ್ಯಸಿಸಿ ಅದನ್ನು ಕರ್ನಾಟಕ ಸಂಗೀತಕ್ಕೆ ಅಳವಡಿಸಿದವರಲ್ಲಿ ಅಗ್ರಗಣ್ಯರು. ವಾದ್ಯ ಬಂದಿತಾದರೂ ಹಿಡಿಯುವ ರೀತಿ ಬದಲಾಯಿತು. ಪಾಶ್ಚಾತ್ಯರು ವಾದ್ಯವನ್ನು ಗದ್ದ ಮತ್ತು ಹೆಗಲ ನಡುವೆ ಇರಿಸಿಕೊಂಡು ನಿಂತು, ಇಲ್ಲವೆ ಕುರ್ಚಿಯಲ್ಲಿ ಕುಳಿತು ನುಡಿಸುತ್ತಾರೆ. ನಮ್ಮವರು ಚಕ್ಕಳಮಕ್ಕಳ ಹಾಕಿ ಕುಳಿತು, ಬಲಗಾಲನ್ನು ತುಸು ಮುಂದೆ ಇರಿಸಿ, ವಾದ್ಯದ ಸುರುಳಿಯನ್ನು ಬಲಪಾದದ ಹರಡಿನ ಬಳಿ ಒರಗಿಸಿ, ಇನ್ನೊಂದು ತುದಿಯನ್ನು ಎಡ ಎದೆ ಹಾಗೂ ಹೆಗಲಿಗೆ ಆನಿಸಿಕೊಳ್ಳುತ್ತಾರೆ. ಹಿಂದೂಸ್ತಾನಿ ಪದ್ಧತಿಯವರೂ ಬಹುಮಟ್ಟಿಗೆ ಇದನ್ನೇ ಅನುಸರಿಸುತ್ತಾರೆ.

ಈ ಮಾರ್ಪಾಟಿನ ಮರ್ಮ ಗಮನಾರ್ಹವಾದುದು. ವಾದ್ಯಕ್ಕೆ ಎರಡು ಕಡೆ ಆಧಾರ ದೊರೆತದ್ದರಿಂದ ಎಡಗೈಗೆ ಅದನ್ನು ಹೊರುವ ಭಾರ ತಪ್ಪಿತು. ಕಂಪಿತ, ಜಾರು ಮೊದಲಾದ ಗಮಕಗಳಿಗಾಗಿ ಕೈ ತಂತಿಯ ಉದ್ದಕ್ಕೂ ನಿರಾತಂಕವಾಗಿ ಓಡಾಡಲು ಇದರಿಂದ ಅನುಕೂಲವಾಯಿತು. ಅಂದರೆ ನಮ್ಮ ಪದ್ಧತಿಯ ಅಡಿಪಾಯವೇ ಎಡಗೈಯ ಸ್ವಾತಂತ್ರ್ಯ. ಸುರುಳಿ ಪಾದದ ಮೇಲೆ ಸರಿಯಾಗಿ ನಿಲ್ಲದೆ ಜಾರುತ್ತಿದ್ದರೆ ಆ ಭಾರ ಮತ್ತೆ ಎಡಗೈಗೇ ಬಂದು ಬೀಳುತ್ತದೆ. ಆಗ ಹೆಬ್ಬೆರಳು ವಾದ್ಯದ ಕತ್ತನ್ನು ಇಕ್ಕಳದಂತೆ ಕಚ್ಚಿ ಹಿಡಿಯುತ್ತದೆ; ಬಿಗಿತದ ಮೂಲ ಅಲ್ಲಿಯೇ.

ನೆಲದ ಮೇಲೆ ಕುಳಿತು ಉಣ್ಣುತ್ತಿದ್ದ, ಓದುತ್ತಿದ್ದ ತಲೆಮಾರಿಗೆ ಈ ಭಂಗಿ ಕಷ್ಟವೆನಿಸಲಿಲ್ಲ. ಇಂದು ಊಟ ಮೇಜಿನ ಮೇಲೆ, ಓದು ಕುರ್ಚಿಯಲ್ಲಿ, ವಿಶ್ರಾಂತಿ ಸೋಫಾದಲ್ಲಿ. ಸೊಂಟದ ಕೀಲುಗಳು ನೆಲದ ರೂಢಿಯನ್ನು ಮರೆತಿವೆ. ಅಂಥವರು ನೆಲದ ಮೇಲೆ ಕುಳಿತಾಗ ಮಂಡಿಗಳು ಮೇಲೆದ್ದು, ಸೊಂಟ ಹಿಂದಕ್ಕೆ ವಾಲಿ, ಬೆನ್ನು ಗೂನಾಗುತ್ತದೆ. ಬೆನ್ನು ಬಾಗಿದೊಡನೆ ಎಡ ಹೆಗಲು ಮುಂದಕ್ಕೆ ಕುಸಿಯುತ್ತದೆ. ಮೊಣಕೈಗೆ ಓಡಾಡಲು ಎಡೆಯೇ ಉಳಿಯುವುದಿಲ್ಲ. ಕೈಯಲ್ಲಿ ಕಾಣಿಸಿಕೊಂಡ ಕಾಯಿಲೆಯ ಬೇರು ಸೊಂಟದಲ್ಲಿದೆ ಎಂದರೆ ಆಶ್ಚರ್ಯವೆನಿಸಬಹುದು, ಆದರೆ ವಸ್ತುಸ್ಥಿತಿ ಹಾಗಿದೆ.

ಪರಿಹಾರ ಸುಲಭ. ಗಟ್ಟಿಯಾಗಿ ಮಡಚಿದ ಕಂಬಳಿಯನ್ನೋ ಮೂರು ನಾಲ್ಕು ಅಂಗುಲ ಎತ್ತರದ ಬಿಗಿಯಾದ ದಿಂಬನ್ನೋ ಪೃಷ್ಠದ ಹಿಂಭಾಗಕ್ಕೆ ಮಾತ್ರ ಇಟ್ಟುಕೊಂಡು ಕುಳಿತರೆ ಮಂಡಿಗಳು ಸೊಂಟಕ್ಕಿಂತ ಕೆಳಗಿಳಿಯುತ್ತವೆ, ಬೆನ್ನು ತಾನಾಗಿ ನೆಟ್ಟಗಾಗುತ್ತದೆ. ನಯವಾದ ಟೈಲ್ಸ್ ನೆಲದ ಮೇಲೆ ಜಮಖಾನ ಹಾಸಿಕೊಂಡರೆ ಪಾದ ಜಾರದು. ಮಂಡಿ ನೋವಿನ ಹಿರಿಯರು ಮನೆಯ ಅಭ್ಯಾಸವನ್ನು ಕುರ್ಚಿಯಲ್ಲಿ ಕುಳಿತು ಮಾಡಿದರೆ ಯಾವ ದೋಷವೂ ಇಲ್ಲ; ಆಗ ಸುರುಳಿಗೆ ಆಧಾರ ಸಿಗುವಂತೆ ಗುರುಗಳ ಸಲಹೆ ಪಡೆದು ಏರ್ಪಾಟು ಮಾಡಿಕೊಳ್ಳಬೇಕಷ್ಟೆ.

ವಾದ್ಯದ ಅಳತೆ

ಅಣ್ಣನ ಪಿಟೀಲನ್ನು ತಮ್ಮನಿಗೆ, ಅತ್ತೆಯದನ್ನು ಸೊಸೆಗೆ ಕೊಡುವುದು ನಮ್ಮ ಮನೆಗಳಲ್ಲಿ ವಾಡಿಕೆ. ಹಿರಿಯರ ವಾದ್ಯ ಕಿರಿಯರ ಕೈಗೆ ಬರುವುದು ಪ್ರೀತಿಯ ಸಂಗತಿಯೇ. ಆದರೆ ಚಿಕ್ಕ ಮಗುವಿನ ಕೈಗೆ ಪೂರ್ಣ ಅಳತೆಯ ಪಿಟೀಲನ್ನು ಕೊಟ್ಟು, ಬೆಳೆದಾಗ ಸರಿಹೋಗುತ್ತದೆ ಎನ್ನುವುದು ಸರಿಯಲ್ಲ. ದೊಡ್ಡ ಚಪ್ಪಲಿ ಹಾಕಿಕೊಂಡ ಮಗು ಕಾಲೆಳೆದು ನಡೆಯುವುದನ್ನೇ ನಡಿಗೆಯೆಂದು ಕಲಿಯುವಂತೆ, ದೊಡ್ಡ ವಾದ್ಯ ಹಿಡಿದ ಮಗು ಕೈಯನ್ನು ಸೆಳೆದು ಬಿಗಿದು ನುಡಿಸುವುದನ್ನೇ ವಾದನವೆಂದು ಕಲಿಯುತ್ತದೆ. ಆ ರೂಢಿ ಕೈ ಬೆಳೆದ ಮೇಲೂ ಬಿಡುವುದಿಲ್ಲ.

ಪೂರ್ಣ ಅಳತೆಯ ಪಿಟೀಲಿನ ಒಡಲು ಸುಮಾರು 14 ಅಂಗುಲ ಉದ್ದ. ಅದಕ್ಕಿಂತ ಚಿಕ್ಕವಾದ ಮುಕ್ಕಾಲು, ಅರ್ಧ, ಕಾಲು ಎಂಬ ಅಳತೆಯವೂ ಇನ್ನೂ ಸಣ್ಣವೂ ಅಂಗಡಿಗಳಲ್ಲಿ ದೊರೆಯುತ್ತವೆ. ಹೆಸರು ಅರ್ಧವೆಂದ ಮಾತ್ರಕ್ಕೆ ಉದ್ದ ಅರ್ಧವೆಂದು ಭಾವಿಸಬಾರದು. ಅದು ರೂಢಿಯ ಹೆಸರು. ಅಂಗಡಿಯಲ್ಲಿ ಪರೀಕ್ಷಿಸುವ ಕ್ರಮ ಹೀಗಿದೆ: ಮಗುವನ್ನು ನಿಲ್ಲಿಸಿ, ಪಿಟೀಲಿನ ತುದಿಯನ್ನು ಕುತ್ತಿಗೆಗೆ ತಾಗಿಸಿ, ಎಡಗೈಯನ್ನು ವಾದ್ಯದ ಅಡಿಯಲ್ಲಿ ನೀಳವಾಗಿ ಚಾಚಿಸಬೇಕು. ಸುರುಳಿಯು ಮಣಿಕಟ್ಟು ಮತ್ತು ಅಂಗೈಯ ಮಧ್ಯದ ನಡುವೆ ಬಂದರೆ ಅಳತೆ ಸರಿ. ಸುರುಳಿಯನ್ನು ಹಿಡಿಯಲು ಬೆರಳ ತುದಿಯೇ ಬೇಕಾದರೆ ವಾದ್ಯ ದೊಡ್ಡದಾಯಿತು. ಕುತ್ತಿಗೆಯಿಂದ ಅಂಗೈಯ ಮಧ್ಯಕ್ಕೆ ಸುಮಾರು 23 ಅಂಗುಲ ಬಂದ ಮೇಲೆ ಪೂರ್ಣ ಅಳತೆಯ ವಾದ್ಯ ಸಾಮಾನ್ಯವಾಗಿ ಹೊಂದುತ್ತದೆ. ಎರಡು ಅಳತೆಗಳ ನಡುವೆ ಸಂದೇಹವಾದರೆ ಚಿಕ್ಕದನ್ನೇ ಆರಿಸುವುದು ಲೇಸು.

ಅಳತೆ ಸರಿಯಿದ್ದರೂ ತಂತಿ ಬೆರಳುಹಲಗೆಯಿಂದ ತೀರ ಎತ್ತರದಲ್ಲಿದ್ದರೆ ಒತ್ತಲು ಅನಾವಶ್ಯಕ ಬಲ ಬೇಕಾಗುತ್ತದೆ. ಅಗ್ಗದ ವಾದ್ಯಗಳಲ್ಲಿ ಈ ದೋಷ ಹೆಚ್ಚು. ಕುದುರೆಯ ಎತ್ತರವನ್ನು ವಾದ್ಯ ರಿಪೇರಿ ಮಾಡುವವರಿಂದ ಒಮ್ಮೆ ಸರಿಪಡಿಸಿದರೆ ತಿಂಗಳುಗಟ್ಟಲೆ ಪಟ್ಟ ಕಷ್ಟ ಒಂದೇ ದಿನದಲ್ಲಿ ನಿವಾರಣೆಯಾಗುವುದುಂಟು.

ಹಿಡಿತ

ಮೂರನೆಯದು ಎಲ್ಲಕ್ಕಿಂತ ಮುಖ್ಯವಾದುದು. ತಂತಿಯನ್ನು ಎಷ್ಟು ಒತ್ತಬೇಕು? ಈ ಪ್ರಶ್ನೆಯನ್ನು ವಾದ್ಯಕ್ಕೇ ಕೇಳಬಹುದು. ಬೆರಳನ್ನು ತಂತಿಯ ಮೇಲೆ ಹೂವಿಟ್ಟಂತೆ ಇಟ್ಟು ಕಮಾನು ಎಳೆಯಿರಿ. ಶಿಳ್ಳೆಯಂಥ ತೆಳು ನಾದವೋ ಕರಕರ ಸದ್ದೋ ಬರುತ್ತದೆ. ಕಮಾನು ನಿಲ್ಲಿಸದೆ ಬೆರಳಿನ ಒತ್ತಡವನ್ನು ಎಳ್ಳಷ್ಟು ಎಳ್ಳಷ್ಟೇ ಹೆಚ್ಚಿಸಿರಿ. ಒಂದು ಹಂತದಲ್ಲಿ ಸ್ವರ ಶುದ್ಧವಾಗಿ ನುಡಿಯುತ್ತದೆ. ಅಷ್ಟು ಸಾಕು. ಅದಕ್ಕಿಂತ ಹೆಚ್ಚು ಒತ್ತಿದ್ದೆಲ್ಲವೂ ವ್ಯರ್ಥ. ನಾದ ಹೆಚ್ಚುವುದಿಲ್ಲ, ಕೈ ಮಾತ್ರ ದಣಿಯುತ್ತದೆ. ನಾದದ ಗಾತ್ರವನ್ನು ನಿರ್ಧರಿಸುವುದು ಬಲಗೈಯ ಕಮಾನು. ಬಲಗೈ ಜೋರಾದಾಗ ಎಡಗೈಯೂ ತಿಳಿಯದೆ ಬಿಗಿಯುವುದು ಎಲ್ಲರಲ್ಲಿಯೂ ಕಾಣುವ ಸ್ವಭಾವ. ಅದನ್ನು ಬೇರ್ಪಡಿಸಿ ನೋಡಲು ಈ ಪ್ರಯೋಗ ಸಹಾಯಕ.

ಇಲ್ಲಿ ಮೈಸೂರಿನ ಟಿ. ಚೌಡಯ್ಯನವರ (1895–1967) ನೆನಪಾಗದಿರದು. ಧ್ವನಿವರ್ಧಕಗಳ ಅನುಕೂಲವಿಲ್ಲದ ಕಾಲದಲ್ಲಿ ದೊಡ್ಡ ಸಭೆಯ ಕೊನೆಯ ಸಾಲಿಗೂ ನಾದ ಮುಟ್ಟಲೆಂದು ಅವರು ಏಳು ತಂತಿಯ ಪಿಟೀಲನ್ನು ರೂಪಿಸಿಕೊಂಡರು. ಜೋಡಿ ತಂತಿಗಳನ್ನು ಒಂದೇ ಬೆರಳಿನಿಂದ ನುಡಿಸಲು ಬೇಕಾದ ಬಲ ಸಾಮಾನ್ಯವಾದುದಲ್ಲ. ಆದರೆ ಅವರ ವಾದನವನ್ನು ಧ್ವನಿಮುದ್ರಿಕೆಗಳಲ್ಲಿ ಕೇಳಿದವರಿಗೆ ಗೊತ್ತು, ಅಲ್ಲಿ ಕೇಳಿಸುವುದು ಬಲವಲ್ಲ, ಹರಿವು. ಬಲವೂ ಸಡಿಲತೆಯೂ ಪರಸ್ಪರ ವಿರೋಧಿಗಳಲ್ಲ ಎಂಬುದಕ್ಕೆ ಇದಕ್ಕಿಂತ ನಿದರ್ಶನ ಬೇಕಿಲ್ಲ. ಬೆಂಗಳೂರಿನಲ್ಲಿ ಪಿಟೀಲಿನ ಆಕಾರದಲ್ಲಿಯೇ ಕಟ್ಟಿರುವ ಚೌಡಯ್ಯ ಸ್ಮಾರಕ ಭವನ ಅವರ ಹೆಸರನ್ನು ಉಳಿಸಿದೆ.

ಹೆಬ್ಬೆರಳ ಪರೀಕ್ಷೆ ಇನ್ನೂ ಸುಲಭ. ಒಂದು ಸ್ವರವನ್ನು ದೀರ್ಘವಾಗಿ ನುಡಿಸುತ್ತಿರುವಾಗಲೇ ಎಡ ಹೆಬ್ಬೆರಳಿನಿಂದ ವಾದ್ಯದ ಕತ್ತನ್ನು ಮೆಲ್ಲನೆ ಎರಡು ಬಾರಿ ತಟ್ಟಿ ನೋಡಿರಿ. ಸಲೀಸಾಗಿ ತಟ್ಟಲು ಬಂದರೆ ಹಿಡಿತ ಸರಿಯಾಗಿದೆ. ಹೆಬ್ಬೆರಳು ಏಳಲೇ ಇಲ್ಲವೆಂದರೆ ಅದು ಒತ್ತಿ ಹಿಡಿದಿದೆ ಎಂದೇ ತಿಳಿಯಬೇಕು. ಹಾಗೆಯೇ ಉಡುಪಿ ಹೋಟೆಲಿನ ಮಾಣಿ ತಟ್ಟೆ ಹೊತ್ತಂತೆ ಅಂಗೈ ವಾದ್ಯದ ಕತ್ತಿಗೆ ಅಂಟಿಕೊಂಡು ಮಣಿಕಟ್ಟು ಹಿಂದಕ್ಕೆ ಮುರಿದಿದ್ದರೆ ಬೆರಳಿನ ನರಗಳು ಸೆಳೆತಕ್ಕೊಳಗಾಗುತ್ತವೆ. ಮುಂಗೈಯಿಂದ ಅಂಗೈಯ ಹಿಂಭಾಗದವರೆಗೆ ಹೆಚ್ಚುಕಡಮೆ ನೇರ ರೇಖೆ ಇರಬೇಕು.

ಮುಂಬಯಿ, ಚೆನ್ನೈಗಳ ಸೆಕೆಯಲ್ಲಿ ಬೆವರಿದ ಕೈ ವಾದ್ಯದ ಕತ್ತಿಗೆ ಅಂಟುತ್ತದೆ. ಅಂಟಿದ ಕೈಯನ್ನು ಸರಿಸಲು ಬಲ ಹಾಕುವುದರಿಂದಲೂ ಬಿಗಿತ ಹುಟ್ಟುತ್ತದೆ. ಮೃದುವಾದ ಹತ್ತಿ ಬಟ್ಟೆಯೊಂದನ್ನು ಪಕ್ಕದಲ್ಲಿರಿಸಿಕೊಂಡು ಆಗಾಗ ಒರೆಸಿಕೊಳ್ಳುವುದು ಒಳ್ಳೆಯದು. ಜಾರು ಸುಗಮವಾಗಲೆಂದು ಬೆರಳ ತುದಿಗೆ ಹನಿ ಕೊಬ್ಬರಿ ಎಣ್ಣೆ ಸವರಿಕೊಳ್ಳುವವರೂ ಉಂಟು. ದೆಹಲಿಯ ಚಳಿಗಾಲದಲ್ಲಿ ತೊಂದರೆ ಬೇರೆ ಬಗೆಯದು: ಮರಗಟ್ಟಿದ ಬೆರಳುಗಳಿಂದ ದುರಿತ ಕಾಲದ ಸ್ವರಗಳಿಗೆ ಕೈ ಹಾಕಬಾರದು. ಎರಡು ಮೂರು ನಿಮಿಷ ಉಗುರುಬೆಚ್ಚಗಿನ ನೀರಿನಲ್ಲಿ ಕೈಯನ್ನು ಅದ್ದಿ, ಚೆನ್ನಾಗಿ ಒರೆಸಿ, ಅನಂತರವೇ ವಾದ್ಯ ಮುಟ್ಟಬೇಕು.

ಒಬ್ಬ ಪಿಟೀಲು ವಾದಕ, ಒಬ್ಬ ಯೋಗಾಚಾರ್ಯ

ವ್ಯಾಯಾಮದ ವಿಚಾರಕ್ಕೆ ಬರುವ ಮೊದಲು ಕನ್ನಡಿಗರು ತಿಳಿದಿರಬೇಕಾದ ಪ್ರಸಂಗವೊಂದಿದೆ. ಯೆಹೂದಿ ಮೆನುಹಿನ್ (1916–1999) ಬಾಲ್ಯದಲ್ಲಿಯೇ ಜಗತ್ತನ್ನು ಬೆರಗುಗೊಳಿಸಿದ ಪಾಶ್ಚಾತ್ಯ ಪಿಟೀಲು ವಾದಕ. ನಡುಹರೆಯದ ಹೊತ್ತಿಗೆ ಅವರ ದೇಹದಲ್ಲಿ ದಣಿವು, ಬಿಗಿತಗಳು ಸೇರಿಕೊಂಡು, ಹುಟ್ಟಿನಿಂದಲೇ ಬಂದಿದ್ದಂತಿದ್ದ ಕೈಚಳಕ ಕೈಕೊಡತೊಡಗಿತ್ತು. 1952ರಲ್ಲಿ ಭಾರತಕ್ಕೆ ಬಂದಾಗ ಅವರು ಮುಂಬಯಿಯಲ್ಲಿ ಬಿ.ಕೆ.ಎಸ್. ಅಯ್ಯಂಗಾರರನ್ನು ಕಂಡರು. ಕೆಲವೇ ನಿಮಿಷಗಳಿಗೆಂದು ಗೊತ್ತುಮಾಡಿದ್ದ ಆ ಭೇಟಿ ದಶಕಗಳ ಗುರುಶಿಷ್ಯ ಸಂಬಂಧಕ್ಕೆ ನಾಂದಿಯಾಯಿತು.

ಅಯ್ಯಂಗಾರರು 1918ರಲ್ಲಿ ಜನಿಸಿದ್ದು ಕೋಲಾರ ಜಿಲ್ಲೆಯ ಬೆಳ್ಳೂರಿನಲ್ಲಿ; ಯೋಗ ಕಲಿತದ್ದು ಮೈಸೂರಿನಲ್ಲಿ, ತಮ್ಮ ಭಾವನವರಾದ ತಿರುಮಲೈ ಕೃಷ್ಣಮಾಚಾರ್ಯರ ಬಳಿ; 1937ರಲ್ಲಿ ಪುಣೆಗೆ ಬಂದು, 2014ರಲ್ಲಿ ತೀರಿಕೊಳ್ಳುವವರೆಗೂ ಅಲ್ಲಿಯೇ ನೆಲೆಸಿದ್ದರು. ಅವರು ಪಿಟೀಲು ವಾದಕರಲ್ಲ. ಆದರೂ ಮೆನುಹಿನ್ 1954ರಲ್ಲಿ ಅವರಿಗೆ ಕೈಗಡಿಯಾರವೊಂದನ್ನು ಕಾಣಿಕೆಯಿತ್ತಾಗ, ಅದರ ಹಿಂಬದಿಯಲ್ಲಿ ಅವರನ್ನು ತಮ್ಮ ಅತ್ಯುತ್ತಮ ಪಿಟೀಲು ಗುರುವೆಂದು ಕೆತ್ತಿಸಿದ್ದರು. 1966ರಲ್ಲಿ ಪ್ರಕಟವಾದ ಅಯ್ಯಂಗಾರರ ಇಂಗ್ಲಿಷ್ ಯೋಗಗ್ರಂಥಕ್ಕೆ ಮುನ್ನುಡಿ ಬರೆದವರೂ ಮೆನುಹಿನ್ ಅವರೇ. ಕೈಯ ಸಮಸ್ಯೆಯನ್ನು ಕೈಯೊಂದರಲ್ಲಿಯೇ ಹುಡುಕದೆ ಇಡೀ ದೇಹದಲ್ಲಿ ಹುಡುಕಬೇಕೆಂಬ ಪಾಠ ಈ ಪ್ರಸಂಗದಲ್ಲಿದೆ.

ನಿತ್ಯದ ಹತ್ತು ನಿಮಿಷ

ಈಗ ಅಭ್ಯಾಸಗಳು. ಯಾವುದನ್ನೂ ಜಗ್ಗಿ, ಕುಲುಕಿ ಮಾಡಬಾರದು. ಹಿತವಾದ ಸೆಳೆತ ಇರಲಿ, ನೋವು ಬೇಡ. ಮೊದಲ ನಾಲ್ಕನ್ನು ವಾದನಕ್ಕೆ ಮುನ್ನ, ಕೊನೆಯ ಮೂರನ್ನು ವಾದನದ ಅನಂತರ ಮಾಡುವುದು ಉತ್ತಮ. ತಣ್ಣಗಿರುವ ಸ್ನಾಯುಗಳನ್ನು ದೀರ್ಘಕಾಲ ಸೆಳೆದು ಹಿಡಿಯುವುದಕ್ಕಿಂತ ಮೊದಲು ಚಲನೆಯಿಂದ ಬೆಚ್ಚಗೆ ಮಾಡಿ, ಸೆಳೆತವನ್ನು ಕೊನೆಗಿಡುವುದು ಸುರಕ್ಷಿತ.

1. ಹೆಗಲು ತಿರುಗಿಸುವುದು: ನಿಂತು, ಕೈಗಳನ್ನು ಇಳಿಬಿಟ್ಟು, ಎರಡೂ ಹೆಗಲುಗಳನ್ನು ಮೇಲಕ್ಕೆತ್ತಿ, ಹಿಂದಕ್ಕೆ ಸರಿಸಿ, ಕೆಳಕ್ಕಿಳಿಸಬೇಕು. ಹತ್ತು ಬಾರಿ. ಕೊನೆಯಲ್ಲಿ ಹೆಗಲು ಕಿವಿಯಿಂದ ದೂರವಿದೆಯೇ ಎಂಬುದನ್ನು ಕನ್ನಡಿಯಲ್ಲಿ ನೋಡಿಕೊಳ್ಳಬೇಕು.

2. ಲಟ್ಟಣಿಗೆಯ ಅಭ್ಯಾಸ: ಎಡ ಮೊಣಕೈಯನ್ನು ಪಕ್ಕೆಗೆ ತಾಗಿಸಿ ಮಡಚಿ, ಲಟ್ಟಣಿಗೆಯನ್ನೋ ಸೌಟನ್ನೋ ಒಂದು ತುದಿಯಲ್ಲಿ ಹಿಡಿದು, ಅಂಗೈ ಮೇಲ್ಮುಖವಾಗುವಂತೆ ನಿಧಾನವಾಗಿ ತಿರುಗಿಸಿ, ಹಾಗೆಯೇ ನಿಧಾನವಾಗಿ ಹಿಂದಿರುಗಿಸಬೇಕು. ಹತ್ತು ಬಾರಿ. ಮುಂಗೈಯ ತಿರುವನ್ನು ಇದು ಹದಗೊಳಿಸುತ್ತದೆ.

3. ಬಾಗಿಲು ತೆರೆದಂತೆ: ಮೊಣಕೈ ಮತ್ತು ಪಕ್ಕೆಯ ನಡುವೆ ಮಡಚಿದ ಟವೆಲನ್ನು ಇಟ್ಟುಕೊಂಡು, ಅದು ಬೀಳದಂತೆ ಮುಂಗೈಯನ್ನು ಹೊಟ್ಟೆಯ ಮುಂದಿನಿಂದ ಹೊರಕ್ಕೆ ತೆರೆದು ಮುಚ್ಚಬೇಕು. ಹತ್ತು ಬಾರಿ. ಹೆಗಲ ಕೀಲಿನ ಹೊರತಿರುವಿಗೆ ಇದು ನೆರವಾಗುತ್ತದೆ.

4. ಮೌನ ಜಾರು: ವಾದ್ಯ ಹಿಡಿದು, ಕಮಾನಿಲ್ಲದೆ, ಎಡಗೈಯನ್ನು ಒತ್ತಡವಿಲ್ಲದೆ ತಂತಿಯ ಮೇಲೆ ಇಟ್ಟು ಸುರುಳಿಯ ಕಡೆಯಿಂದ ತಾರಸ್ಥಾಯಿಯವರೆಗೆ ಜಾರಿಸಿ ಹಿಂದಿರುಗಬೇಕು. ಪ್ರತಿ ತಂತಿಯಲ್ಲೂ ನಾಲ್ಕು ಬಾರಿ. ತಂತಿ ಬದಲಾದಂತೆ ಮೊಣಕೈ ತೂಗುಯ್ಯಾಲೆಯಂತೆ ಎಡಬಲಕ್ಕೆ ಸರಿಯುತ್ತಿದೆಯೇ, ಹೆಬ್ಬೆರಳು ಬೆರಳುಗಳ ಜೊತೆಗೇ ಪಯಣಿಸುತ್ತಿದೆಯೇ ಎಂಬುದನ್ನು ಗಮನಿಸಬೇಕು.

5. ಬಾಗಿಲ ಚೌಕಟ್ಟು: ಮೊಣಕೈಯನ್ನು ಹೆಗಲ ಮಟ್ಟದಲ್ಲಿ ಮಡಚಿ ಮುಂಗೈಯನ್ನು ಬಾಗಿಲ ಚೌಕಟ್ಟಿಗೆ ಆನಿಸಿ, ಒಂದು ಹೆಜ್ಜೆ ಮುಂದಿಟ್ಟರೆ ಎದೆಯ ಸ್ನಾಯುಗಳು ಸೆಳೆಯುತ್ತವೆ. 20ರಿಂದ 30 ಸೆಕೆಂಡು ನಿಂತು, ಎರಡು ಬಾರಿ ಮಾಡಬೇಕು. ದಿನವಿಡೀ ಕಂಪ್ಯೂಟರಿನ ಮುಂದೆ ಕೂರುವವರಿಗೆ ಇದು ಅತ್ಯಗತ್ಯ.

6. ಮಣಿಕಟ್ಟು: ಎಡಗೈಯನ್ನು ಮುಂದೆ ಚಾಚಿ, ಬಲಗೈಯಿಂದ ಬೆರಳುಗಳನ್ನು ಮೃದುವಾಗಿ ಹಿಂದಕ್ಕೆ, ಅನಂತರ ಕೆಳಕ್ಕೆ ಬಾಗಿಸಿ ತಲಾ 15 ಸೆಕೆಂಡು ಹಿಡಿಯಬೇಕು.

7. ಆಸನಗಳು: ಸೊಂಟಕ್ಕೆ ಬದ್ಧಕೋನಾಸನ, ಹೆಗಲಿಗೆ ಗೋಮುಖಾಸನದ ಕೈಕಟ್ಟು. ಬೆನ್ನ ಹಿಂದೆ ಬೆರಳುಗಳು ಕೂಡದಿದ್ದರೆ ಕರವಸ್ತ್ರವನ್ನು ಹಿಡಿದುಕೊಳ್ಳಬಹುದು. ಎರಡೂ ಕೈಗಳನ್ನು ಬದಲಿಸಿ ಮಾಡುವುದು ಅವಶ್ಯ.

ಇವುಗಳ ಫಲ ವಾರದಲ್ಲಿ ಕಾಣುವುದಿಲ್ಲ. ಕೆಲವು ವಾರಗಳ ನಿಯಮಿತ ಅಭ್ಯಾಸದಿಂದ ಕಾಣತೊಡಗುತ್ತದೆ. ಪರೀಕ್ಷೆಗೆ ಸರಳೆ ವರಸೆಯೇ ಸಾಕು. ಮಾಯಾಮಾಳವಗೌಳದಲ್ಲಿ ಮೊದಲ ವರಸೆಯನ್ನು ಮೂರು ಕಾಲಗಳಲ್ಲಿ ನುಡಿಸಿ, ಮೂರನೆಯ ಕಾಲದಲ್ಲಿ ಹೆಬ್ಬೆರಳು ಬಿಗಿಯದೆ, ಉಸಿರು ನಿಲ್ಲದೆ ಮುಗಿಸಲು ಬಂದರೆ ಕೈ ಪಳಗಿತೆಂದು ತಿಳಿಯಬಹುದು. ಉಸಿರು ಕಟ್ಟಿದ್ದರೆ ಕೈಯೂ ಕಟ್ಟಿದೆಯೆಂದೇ ಅರ್ಥ. ಪುರಂದರದಾಸರು ರೂಪಿಸಿದರೆಂದು ಪರಂಪರೆ ಹೇಳುವ ಈ ಪಾಠಗಳನ್ನು ಪ್ರೌಢ ವಾದಕರೂ ಕೈಬಿಡದಿರುವುದರ ಹಿಂದೆ ಅರ್ಥವಿದೆ.

ನಿಲ್ಲಿಸಬೇಕಾದ ಸಂದರ್ಭಗಳು

ಮೊಣಕೈಯ ಒಳಬದಿಯಲ್ಲಿ, ಏನಾದರೂ ಬಡಿದಾಗ ಜುಮ್ಮೆನ್ನುವ ಜಾಗದಲ್ಲಿ, ಅಲ್ನಾರ್ ಎಂಬ ನರ ಚರ್ಮಕ್ಕೆ ತೀರ ಸಮೀಪದಲ್ಲಿ ಹಾದುಹೋಗುತ್ತದೆ. ಮೊಣಕೈ ಬಹಳ ಹೊತ್ತು ಮಡಚಿಯೇ ಇದ್ದರೆ ಈ ನರ ಸೆಳೆತಕ್ಕೂ ಒತ್ತಡಕ್ಕೂ ಸಿಲುಕುತ್ತದೆ. ಕಿರುಬೆರಳು ಮತ್ತು ಉಂಗುರಬೆರಳಿನ ಅರ್ಧಭಾಗ ಜುಮುಗುಟ್ಟುವುದು ಇದರ ಲಕ್ಷಣ. ಪಿಟೀಲು ಒಂದು ಕಾರಣ. ಮೊಬೈಲನ್ನು ಗಂಟೆಗಟ್ಟಲೆ ಕಿವಿಗೆ ಹಿಡಿಯುವುದು, ಕೈ ಮಡಚಿ ಅದರ ಮೇಲೆ ಮಲಗುವುದು ಇತರ ಕಾರಣಗಳು. ಇಂಥ ಜುಮುಗುಟ್ಟುವಿಕೆ ಮರುಕಳಿಸುತ್ತಿದ್ದರೆ, ಬೆರಳಿನ ಬಲ ಕುಂದಿದರೆ, ಅಥವಾ ವಿಶ್ರಾಂತಿಯ ಅನಂತರವೂ ನೋವು ಉಳಿದರೆ ವಾದನ ನಿಲ್ಲಿಸಿ ವೈದ್ಯರನ್ನು ಕಾಣಬೇಕು. ನರಕ್ಕೆ ಬಹುಕಾಲ ಪೆಟ್ಟಾದರೆ ಅದು ಪೂರ್ಣವಾಗಿ ಚೇತರಿಸಿಕೊಳ್ಳದಿರುವ ಸಂಭವವಿದೆ.

ಮಕ್ಕಳ ಜವಾಬ್ದಾರಿ ಮುಗಿದ ಮೇಲೆ ಹಳೆಯ ಪಿಟೀಲಿನ ಧೂಳು ಕೊಡವಿ ಮತ್ತೆ ಕಲಿಯಲು ತೊಡಗುವ ಹಿರಿಯರು ನಮ್ಮಲ್ಲಿ ಅನೇಕರಿದ್ದಾರೆ. ಅವರು ಇನ್ನೊಂದು ವಿಷಯವನ್ನು ಅರಿತಿರಬೇಕು. 40ರಿಂದ 60ರ ವಯೋಮಾನದಲ್ಲಿ, ವಿಶೇಷವಾಗಿ ಮಧುಮೇಹವಿರುವವರಲ್ಲಿ, ಹೆಗಲ ಕೀಲು ಹಿಡಿದುಕೊಳ್ಳುವ ಫ್ರೋಜನ್ ಶೋಲ್ಡರ್ ಎಂಬ ತೊಂದರೆ ಕಾಣಿಸಿಕೊಳ್ಳುವುದುಂಟು. ಅದು ಬಹುಮಟ್ಟಿಗೆ ಮೊದಲು ಕಸಿದುಕೊಳ್ಳುವುದೇ ಹೆಗಲಿನ ಹೊರತಿರುವನ್ನು, ಅಂದರೆ ಪಿಟೀಲಿಗೆ ಬೇಕಾದ ಚಲನೆಯನ್ನು. ಅಂಥ ಕೈಯನ್ನು ಬಲವಂತದಿಂದ ಎಳೆಯಬಾರದು. ವೈದ್ಯರ ಮತ್ತು ಫಿಸಿಯೋಥೆರಪಿಸ್ಟರ ಸಲಹೆಯಂತೆ ನಡೆದುಕೊಳ್ಳಬೇಕು.

ಸಾಧನೆಯ ಅವಧಿಯ ಬಗೆಗೂ ಎರಡು ಮಾತು. ವಾರವಿಡೀ ವಾದ್ಯ ಮುಟ್ಟದೆ ಪಾಠದ ಹಿಂದಿನ ದಿನ ಎರಡು ಗಂಟೆ ಸತತವಾಗಿ ನುಡಿಸುವುದಕ್ಕಿಂತ ದಿನಕ್ಕೆ ಇಪ್ಪತ್ತೈದು ನಿಮಿಷ ನುಡಿಸುವುದು ಕೈಗೆ ಹಿತ, ಕಲಿಕೆಗೂ ಹಿತ. ಹೆಚ್ಚು ಹೊತ್ತು ನುಡಿಸುವವರು ಪ್ರತಿ ಇಪ್ಪತ್ತೈದು ನಿಮಿಷಕ್ಕೊಮ್ಮೆ ವಾದ್ಯ ಕೆಳಗಿಟ್ಟು, ಮೊಣಕೈ ಚಾಚಿ, ಐದು ನಿಮಿಷ ಓಡಾಡಬೇಕು. ಬಿಡುವಿನಲ್ಲಿ ಸಾಹಿತ್ಯವನ್ನು ಹಾಡಿಕೊಂಡರೆ ಸಾಧನೆಯೂ ನಿಂತಂತಾಗದು. ಸಂಘದ ವಾರ್ಷಿಕೋತ್ಸವಕ್ಕೋ ಪರೀಕ್ಷೆಗೋ ಸಿದ್ಧರಾಗುವಾಗ ಅಭ್ಯಾಸದ ಅವಧಿಯನ್ನು ಒಮ್ಮೆಲೇ ಇಮ್ಮಡಿಸದೆ ಕ್ರಮೇಣ ಏರಿಸುವುದು ವಿವೇಕ.

ಕೊನೆಯದಾಗಿ ತಂದೆತಾಯಿಗಳಲ್ಲಿ ನಮ್ಮದೊಂದು ವಿನಂತಿ. ಮಗು ಕೈ ನೋಯುತ್ತದೆಂದರೆ ಅದನ್ನು ಸೋಮಾರಿತನದ ನೆಪವೆಂದು ತಳ್ಳಿಹಾಕದೆ, ಎಲ್ಲಿ ನೋಯುತ್ತದೆ, ಎಷ್ಟು ಹೊತ್ತಿನ ಮೇಲೆ ನೋಯುತ್ತದೆ, ನುಡಿಸದ ದಿನವೂ ನೋಯುತ್ತದೆಯೇ ಎಂದು ಕೇಳಿರಿ. ಆ ಉತ್ತರವನ್ನು ಗುರುಗಳಿಗೆ ಸಂಕೋಚವಿಲ್ಲದೆ ತಿಳಿಸಿರಿ. ಗೌರವದಿಂದ ಹೇಳಿದ ಮಾತಿನಿಂದ ಗುರುಭಕ್ತಿಗೆ ಕುಂದಿಲ್ಲ. ಕೂರುವ ರೀತಿಯನ್ನೋ ಹೆಬ್ಬೆರಳನ್ನೋ ತಿದ್ದಲು ಅವರಿಗೆ ಒಂದು ನಿಮಿಷ ಸಾಕಾಗಬಹುದು. ಸಕಾಲದಲ್ಲಿ ಕೇಳಿದ ಆ ಒಂದು ಪ್ರಶ್ನೆಯಿಂದ ಮಗು ವರ್ಣವನ್ನು ದಾಟಿ ಕೃತಿಗಳ ಅಂಗಳಕ್ಕೆ ಕಾಲಿಡುವಂತಾದರೆ, ಹೊರನಾಡಿನ ಮನೆಯೊಂದರಲ್ಲಿ ನಾದದ ದೀಪ ಇನ್ನೊಂದು ತಲೆಮಾರಿಗೆ ಉಳಿಯುತ್ತದೆ.